ಹದಿನೇಳನೆಯ ಬಾಗಿಲು

ಬೀಗದ ಕೈಗೊಂಚಲು ನನ್ನ ಜೇಬಿನಲ್ಲಿರುತ್ತದೆ.
ಬೇಸಿಗೆಯ ಮಂಗಳವಾರ, ಶನಿವಾರ
ಎಸ್ಟೋನಿಯಾದ ಈ ಪಡುಗರೆಗೆ ಬಸ್ಸು ಬರುತ್ತದೆ,
ಒಂದು ಕೋಟೆ, ಮೂರು ದೊರೆಮನೆ ತೋರಿಸಲು.
ಕೋಟೆಯೆಂದರೆ ಮೂರು ಗೋಡೆ.
ನಾಲ್ಕನೆಯದನ್ನು ಕಡಲು ನುಂಗಿತು ಎನ್ನುತ್ತಾನೆ ಡ್ರೈವರ್ ತೊಯ್ವೋ.
ನಮ್ಮೂರ ಬಾವಿಗಳಿಗೆಲ್ಲ ಅದೇ ಕಲ್ಲು,
ನಾನು ಬಾಯಿ ಬಿಡುವುದಿಲ್ಲ.

ಕಡೆಗೆ ನನ್ನದು, ವೈಕ್ನಾದ ದೊರೆಮನೆ.
ಕಾಲೊರೆಸಿ ಬನ್ನಿ. ಎರಡು ಯೂರೋ. ಮಕ್ಕಳಿಗೆ ಬಿಟ್ಟಿ.
ಇಲ್ಲಿ ಜರ್ಮನ್ ದೊರೆಗಳು ಕುಣಿದರು,
ಆಮೇಲೆ ಸಾಮೂಹಿಕ ಬೇಸಾಯದವರು
ಇದೇ ನೆಲದ ಮೇಲೆ ಆಲೂಗಡ್ಡೆ ಹರವಿದರು,
ಆಮೇಲೆ ಶಾಲೆ. ಮೂವತ್ತೊಂದು ವರ್ಷ
ಈ ಗಾರೆಯ ದೇವದೂತರ ಕೆಳಗೆ
ನಾನೇ ಮಗ್ಗಿ ಹೇಳಿಸಿದೆ.
ಆ ಮೂಲೆಯವನಿಗೆ ಚೆಂಡು ಹೊಡೆದು ಮೂಗು ಮುರಿದ ಹುಡುಗ
ಈಗ ನಮ್ಮ ಮೇಯರ್.

ಈ ಶನಿವಾರ ಎಲ್ಲರಾದ ಮೇಲೆ ಇಳಿದವರು ಎಗ್ಗರ್ಟ್,
ಎಂಬತ್ತು ದಾಟಿದವರು, ಲ್ಯೂಬೆಕ್ಕಿನವರು.
ಕೈಯಲ್ಲೊಂದು ಫೋಟೋ, ಅಂಚು ಇಲಿ ತಿಂದಂತೆ.
ಒಂದೊಂದೇ ಬಾಗಿಲಿಗೆ ಬೆರಳು ತಾಗಿಸುತ್ತ ಎಣಿಸಿದರು.
ಹದಿನಾರು.
ಮತ್ತೆ ಎಣಿಸಿದರು.
‘ಅಜ್ಜಿ ಹದಿನೇಳು ಅನ್ನುತ್ತಿದ್ದಳು.
ಒಂದಕ್ಕೆ ಸಿಂಹದ ಮುಖದ ಹಿಡಿಕೆ.’
ಫೋಟೋದಲ್ಲಿ ಅದಿತ್ತು, ಪಕ್ಕದಲ್ಲಿ ಬಿಳಿ ಲಂಗದ ಹುಡುಗಿ.
‘ಸುಟ್ಟುಹೋಗಿರಬೇಕು’ ಎಂದೆ.
ಪೂರ್ತಿ ಸುಳ್ಳಲ್ಲ. ಒಂದು ಮೂಲೆ ಸುಟ್ಟಿದೆ.

ಸಾವಿರದ ಒಂಬೈನೂರ ಐದರ ಚಳಿಗಾಲ
ನನ್ನ ಮುತ್ತಜ್ಜ ಪ್ರೀಡಿಕ್ ಹೋಗುವಾಗ
ಕೈಯಲ್ಲಿ ಪಂಜು,
ಬರುವಾಗ ಬೆನ್ನ ಮೇಲೆ ಬಾಗಿಲು, ತಿರುಗಣಿ ಸಮೇತ.
ಬೆಂಕಿ ಇಟ್ಟವನೇ ಬೆಂಕಿಯಿಂದ ಎಳೆದು ತಂದ.
ಯಾಕೆಂದು ಕೇಳುವ ಮೊದಲೇ ಸಿಪಾಯಿಗಳು ಬಂದರು.
ನೂರಿಪ್ಪತ್ತು ಛಡಿಯೇಟು, ಎಣಿಸಿ ಎಣಿಸಿ.
ಬಾಗಿಲು ಹುಲ್ಲಿನಡಿ ಮಲಗಿತ್ತು.
ದೊರೆಗಳು ಹೊಸ ಚಾವಣಿ ಹಾಕಿಸಿದರು, ದೇವದೂತರನ್ನೂ.
ಮುತ್ತಜ್ಜ ಮತ್ತೆ ಮಲಗಿದ್ದು ಬೋರಲಾಗಿಯೇ.
ಎಷ್ಟೋ ವರ್ಷದ ಮೇಲೆ ಅಜ್ಜಿ ಅದನ್ನು
ಕುರಿಮನೆಗೆ ಜಡಿದಳು, ತಲೆಕೆಳಗಾಗಿ,
ತಿರುಗಣಿ ಆ ಕಡೆಗೇ ಕೂತಿತೆಂದು.
ದಿನಾ ಬೆಳಗ್ಗೆ ಐದಕ್ಕೆ
ತಲೆಕೆಳಗಾದ ಸಿಂಹದ ಬಾಯಿಗೆ ನಾನು ಬೆರಳಿಡುತ್ತೇನೆ.

ಬಸ್ಸು ಕೆಟ್ಟಿತು. ತೊಯ್ವೋ ಅದರಡಿ ಅಂಗಾತ ಮಲಗಿ
ಬಸ್ಸಿನ ವಂಶವನ್ನೆಲ್ಲ ಬೈಯುತ್ತಿದ್ದ.
ಕಡಲಿಂದ ಗಾಳಿ. ಮುದುಕರನ್ನು ಹಾಗೆ ನಿಲ್ಲಿಸುವುದೆಂತು?
ಜ್ಯೂನಿಪರ್ ಪೊದೆಗಳಾಚೆ ನನ್ನ ಮನೆ. ಬನ್ನಿ, ಕಾಫಿ ಕುಡಿಯಿರಿ.

ಮೂರನೆಯ ಸಕ್ಕರೆ ಗಟ್ಟಿ ಕರಗುತ್ತಿತ್ತು,
ಆಗ ಹಿತ್ತಲಿಂದ
ಕ್ರೀ ಎಂದಿತು.
ಅವರ ಕಪ್ಪು ತುಟಿಗೂ ತಟ್ಟೆಗೂ ನಡುವೆ ನಿಂತಿತು.

‘ಅಜ್ಜಿಯ ಅಪ್ಪ ಕುಡಿದು ತಡವಾಗಿ ಬಂದ ರಾತ್ರಿ
ಆ ಬಾಗಿಲು ಕಡಲಹಕ್ಕಿಯಂತೆ ಅರಚುತ್ತಿತ್ತಂತೆ.
ಮನೆಗೆ ಮನೆಯೇ ಏಳುತ್ತಿತ್ತಂತೆ.’

ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.
ಕಿಟಕಿಯತ್ತ ತಿರುಗಿ
ಬಹಳ ಹೊತ್ತು ಹಿತ್ತಲು ನೋಡಿದರು.

‘ಎಷ್ಟು ಕುರಿ?’
‘ಹನ್ನೊಂದು.’
‘ಚಳಿಯಲ್ಲಿ ಬೆಚ್ಚಗಿರುತ್ತವೆಯೆ?’
‘ಇರುತ್ತವೆ. ಒಳ್ಳೆ ಬಾಗಿಲು.’
ಈ ಮಾತು ಹೇಗೆ ಜಾರಿತೋ.

ಉಳಿದ ಕಾಫಿ ಕುಡಿದರು. ಬಸ್ಸು ಕೂಗಿತು.
ಒಳಬರುವಾಗ ಮರೆತಿದ್ದರು,
ಹೊರಡುವಾಗ ಕಾಲೊರೆಸಿಕೊಂಡರು.

ಕಪ್ಪು ಎತ್ತಿದರೆ ತಟ್ಟೆಯಲ್ಲಿ ಎರಡು ಯೂರೋ.
ಮನೆಯಲ್ಲಿ ಕುಡಿದ ಕಾಫಿಗೆ ಯಾರೂ ಕಾಸಿಡುವುದಿಲ್ಲ.

ರಸೀದಿ ಪುಸ್ತಕ ತೆರೆದೆ. ತಾರೀಖು ಬರೆದೆ.
ಮುಂದೇನು ಬರೆಯುವುದು ಎಂದು
ಕುರಿಗಳು ಕೂಗುವ ತನಕ ಕೂತಿದ್ದೆ.